‘ಖಾಲಿ ಜಾಗ’ದಲ್ಲಿ ಏನೇನಿದೆ: ಕ್ಯಾಂಪಸ್ ಬರುತ್ತದೆ ಅಂದರೆ ಕರಾವಳಿ ಯಾಕೆ ಬೆಚ್ಚುತ್ತದೆ

ಕಾರವಾರದಿಂದ ಕಾಳಿ ಸೇತುವೆ ದಾಟಿ, ಸದಾಶಿವಗಡ ಬಿಟ್ಟು, ಮಾಜಾಳಿ ಮುಗಿಯುತ್ತಿದ್ದಂತೆ ಚೆಕ್‌ಪೋಸ್ಟ್ ಸಿಗುತ್ತದೆ. ಅದರಾಚೆ ಪೋಳೆಂ, ಗೋವಾದ ಮೊದಲ ಊರು. ಅದರ ಪಕ್ಕದ್ದು ಲೋಲಿಯೆಂ. ಲೋಲಿಯೆಂ ಊರಿನ ತಲೆಯ ಮೇಲೆ ಭಗವತಿ ಸಡಾ ಅನ್ನುವ ಕೆಂಪುಕಲ್ಲಿನ ದೊಡ್ಡ ಬಯಲಿದೆ. ಗೋವಾಕ್ಕೆ ಐಐಟಿ ಮಂಜೂರಾದಾಗ ಕ್ಯಾಂಪಸ್ಸಿಗೆಂದು ಮೊದಮೊದಲು ನೋಡಿದ ಜಾಗಗಳಲ್ಲಿ ಅದೂ ಒಂದು. ಊರಿನಲ್ಲಿ ವಿರೋಧ ಎದ್ದಿತು. ಕ್ಯಾಂಪಸ್ ಅಲ್ಲಿಗೆ ಬರಲಿಲ್ಲ.

ಆಮೇಲೆ ಸತ್ತರಿ ತಾಲ್ಲೂಕಿನ ಮೆಳಾವಲಿಯಲ್ಲಿ ಸುಮಾರು 10 ಲಕ್ಷ ಚದರ ಮೀಟರ್ ಜಾಗ ಗುರುತಿಸಿದರು. ನಮ್ಮ ಲೆಕ್ಕದಲ್ಲಿ 250 ಎಕರೆ ಹತ್ತಿರ. 2021ರ ಜನವರಿಯಲ್ಲಿ ಸರ್ವೆಗೆ ಹೋದಾಗ ಪೊಲೀಸರಿಗೂ ಊರವರಿಗೂ ಘರ್ಷಣೆಯಾಯಿತು. ಹೆಂಗಸರು ಮುಂದೆ ನಿಂತಿದ್ದರು. ಅದೇ ತಿಂಗಳು ಸರ್ಕಾರ ಹಿಂದೆ ಸರಿಯಿತು. ಮುಂದೆ ಸಾಂಗೆ ತಾಲ್ಲೂಕು ನೋಡಿದರು, 2022ರಲ್ಲಿ ಅಲ್ಲಿಯ ರೈತರು ಬೇಡ ಅಂದರು. 2025ರಲ್ಲಿ ಫೋಂಡಾದ ಕೋಡಾರ್‌ನಲ್ಲೂ ಜನ ಬೀದಿಗೆ ಬಂದರು. ಐಐಟಿ ಗೋವಾ ತರಗತಿ ಶುರು ಮಾಡಿದ್ದು 2016ರಲ್ಲಿ, ಫರ್ಮಾಗುಡಿಯ ಇಂಜಿನಿಯರಿಂಗ್ ಕಾಲೇಜಿನೊಳಗೆ, ತಾತ್ಕಾಲಿಕ ಅಂತ ಹೇಳಿ. ಆ ‘ತಾತ್ಕಾಲಿಕ’ ಎಷ್ಟೋ ವರ್ಷ ಎಳೆಯಿತು.

ಈ ಸುದ್ದಿ ಬಂದಾಗಲೆಲ್ಲ ಕಾರವಾರದ ಚಹಾ ಅಂಗಡಿಗಳಲ್ಲಿ ಎರಡು ಮಾತು ಕೇಳುತ್ತೇನೆ. ಒಂದು, ‘ಐಐಟಿ ಬೇಡ ಅಂತಾರಲ್ಲ ಮಾರಾಯ್ರೆ, ನಮ್ಗಾದ್ರೂ ಕೊಡ್ಲಿ.’ ಇನ್ನೊಂದು, ‘ಅವ್ರು ಮಾಡಿದ್ದೇ ಸರಿ, ಸೀಬರ್ಡ್ ನೌಕಾನೆಲೆ ಬಂದಾಗ ನಮ್ಗೆ ಆ ಬುದ್ಧಿ ಇರ್ಲಿಲ್ಲ.’ ಎರಡೂ ಮಾತು ಒಂದೇ ಬೆಂಚಿನಲ್ಲಿ ಕೂತವರದ್ದು. ಕೆಲವು ಸಲ ಎರಡೂ ಒಬ್ಬರದ್ದೇ. ಅದು ಗೊಂದಲ ಅಂತ ನನಗೆ ಅನಿಸುವುದಿಲ್ಲ. ಈ ಜಿಲ್ಲೆಗೆ ಎರಡೂ ನಿಜ.

ಮೊದಲ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಉತ್ತರ ಕನ್ನಡ 10 ಸಾವಿರ ಚದರ ಕಿಲೋಮೀಟರ್ ದಾಟಿದ ಜಿಲ್ಲೆ. ಇದಕ್ಕೆ ತನ್ನದೇ ಅನ್ನುವ ಸಾಮಾನ್ಯ ವಿಶ್ವವಿದ್ಯಾಲಯವಿಲ್ಲ. ಡಿಗ್ರಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೆಳಗಿವೆ. ನನ್ನ ಅಕ್ಕನ ಮಗಳು ಕುಮಟಾದಲ್ಲಿ ಬಿ.ಎಸ್ಸಿ ಮುಗಿಸಿ ಧಾರವಾಡಕ್ಕೆ ಹೋದಳು. ಮೊದಲ ವರ್ಷ ಅರ್ಧ ಹಣ ಹಾಸ್ಟೆಲ್ಲಿಗೆ, ಇನ್ನರ್ಧ ಬಸ್ಸಿಗೆ. ಮಳೆಗಾಲದಲ್ಲಿ ಘಟ್ಟದ ರಸ್ತೆ ಬಂದಾದರೆ ಪರೀಕ್ಷೆ ಮುಗಿದರೂ ಮನೆಗೆ ಬರುವಂತಿಲ್ಲ. ಅವಳ ಜತೆ ಓದಿದ ಮೂವರು ಹುಡುಗಿಯರನ್ನು ಮನೆಯವರು ಕಳಿಸಲೇ ಇಲ್ಲ. ದೂರ ಅನ್ನುವುದು ಗಂಡುಮಕ್ಕಳಿಗೆ ಖರ್ಚಿನ ಮಾತು. ಹೆಣ್ಣುಮಕ್ಕಳಿಗೆ ಓದೇ ನಿಲ್ಲುವ ಮಾತು.

ರಾಜ್ಯ ಸರ್ಕಾರ ಈಚೆಗೆ ಹಾವೇರಿ, ಕೊಪ್ಪಳ, ಬಾಗಲಕೋಟೆ, ಕೊಡಗು ಹೀಗೆ ಹಲವು ಕಡೆ ಹೊಸ ವಿಶ್ವವಿದ್ಯಾಲಯ ತೆರೆಯಿತು. ನಮ್ಮ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ. 2025ರ ಹೊತ್ತಿಗೆ ದುಡ್ಡಿಲ್ಲ, ಜಾಗವಿಲ್ಲ ಅಂತ ಅವುಗಳಲ್ಲಿ ಹೆಚ್ಚಿನವನ್ನು ಮುಚ್ಚುವ ಮಾತು ಸಂಪುಟ ಉಪಸಮಿತಿಯಲ್ಲೇ ಬಂತು. ಬೋರ್ಡು ಮೊದಲು, ಜಾಗ ಆಮೇಲೆ ಅನ್ನುವ ಕ್ರಮದಲ್ಲಿ ಹೊರಟರೆ ಹೀಗೇ ಆಗುವುದು.

ಹಾಗಾದರೆ ನಾಳೆ ನಮಗೊಂದು ಮಂಜೂರಾಯಿತು ಅಂತಿಟ್ಟುಕೊಳ್ಳಿ. ಕಟ್ಟುವುದೆಲ್ಲಿ?

ನಕ್ಷೆ ಬಿಡಿಸಿ ನೋಡೋಣ. ಜಿಲ್ಲೆಯ ನೂರಕ್ಕೆ ಸುಮಾರು 80 ಭಾಗ ಅರಣ್ಯ. ಉಳಿದದ್ದರಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಸಮುದ್ರ ಸೇರುವ ಅಳಿವೆಗಳಿವೆ. ಅಘನಾಶಿನಿ ಅಳಿವೆಯಂತೂ 2024ರಿಂದ ರಾಮ್‌ಸರ್ ಪಟ್ಟಿಯಲ್ಲಿದೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಯಲ್ಲಿ. ಅದರ ಆಚೀಚೆ ಉಪ್ಪುನೀರು ನುಗ್ಗುವ ಗಜನಿ ಭೂಮಿ, ಉಪ್ಪು ತಡೆಯುವ ಕಗ್ಗ ಭತ್ತದ ಗದ್ದೆ. ಸಮುದ್ರದ ದಂಡೆಗೆ ಕರಾವಳಿ ನಿಯಂತ್ರಣ ವಲಯದ ನಿಯಮ. ಕಾರವಾರ, ಅಂಕೋಲಾ ಕಡೆ ಸೀಬರ್ಡ್. ಒಳಗೆ ಕೈಗಾ ಅಣುಸ್ಥಾವರ. ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಕಣಿವೆ ತುಂಬ ಅಡಿಕೆ ತೋಟ. ಇಷ್ಟನ್ನೂ ಬಿಟ್ಟು ಬೆರಳು ಕೊನೆಗೆ ನಿಲ್ಲುವುದು ಗುಡ್ಡದ ಮೇಲಿನ ಬಯಲಿನಲ್ಲಿ. ಮರ ಕಡಿಮೆ, ಮನೆಯಿಲ್ಲ, ಗದ್ದೆಯಿಲ್ಲ, ಬಿಸಿಲಿಗೆ ಕಪ್ಪಾದ ಕಲ್ಲು. ಕಡತದಲ್ಲಿ ಅದಕ್ಕೆ ‘ಖಾಲಿ ಜಾಗ’ ಅನ್ನುತ್ತಾರೆ. ಸರ್ಕಾರಿ ಪಡ, ಗೋಮಾಳ, ಖರಾಬು, ಹೀಗೆ ಪಹಣಿಯಲ್ಲಿ ಹೆಸರು ಬೇರೆಬೇರೆ. ಅರ್ಥ ಮಾತ್ರ ಅದೇ.

ನನ್ನ ಪ್ರಕಾರ ಇಡೀ ಜಗಳ ಹುಟ್ಟುವುದು ಆ ಒಂದು ಶಬ್ದದಲ್ಲಿ.

ಊರವರು ಅದನ್ನು ಖಾಲಿ ಅಂತ ಯಾವತ್ತೂ ಕರೆದಿಲ್ಲ. ಬೇಣ ಅಂತಾರೆ. ಮಳೆ ಬಿದ್ದ ಎರಡು ವಾರಕ್ಕೆ ಅಲ್ಲಿ ಹುಲ್ಲು ಏಳುತ್ತದೆ, ದನ ಮೇಯುತ್ತವೆ. ಮಳೆಗಾಲ ಮುಗಿದ ಮೇಲೆ ಒಣಗಿದ ಕರಡ ಹುಲ್ಲು ಕೊಯ್ದು ಮನೆಗೆ ತರುತ್ತಾರೆ. ಅಂಚಿನ ಮರಗಳ ಸೊಪ್ಪು, ದರಕು ಅಂದರೆ ಉದುರಿದ ಒಣ ಎಲೆ ಕೊಟ್ಟಿಗೆಗೆ ಹೋಗುತ್ತದೆ. ಅಲ್ಲಿಂದ ಗೊಬ್ಬರವಾಗಿ ತೋಟಕ್ಕೆ. ಶಿರಸಿ ಕಡೆ ಅಡಿಕೆ ತೋಟಕ್ಕೆ ಇಂತಿಷ್ಟು ಸೊಪ್ಪಿನ ಬೆಟ್ಟ ಅಂತ ಬ್ರಿಟಿಷರ ಕಾಲದಲ್ಲೇ ಹಚ್ಚಿಕೊಟ್ಟಿದ್ದಾರೆ, ಎಕರೆ ತೋಟಕ್ಕೆ 9 ಎಕರೆಯವರೆಗೆ. ಅಂದರೆ ಕೆಳಗಿನ ಒಂದು ಎಕರೆ ಬದುಕಲು ಮೇಲೆ ಅದರ ಹಲವು ಪಟ್ಟು ಬೇಕು ಅಂತ ಸರ್ಕಾರವೇ ಒಂದು ಕಾಲಕ್ಕೆ ಒಪ್ಪಿತ್ತು.

ಅದಕ್ಕಿಂತ ದೊಡ್ಡದು ನೀರು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಮ್ಮ ಗುಡ್ಡದ ತಲೆಯಲ್ಲಿರುವುದು ಚಿರೆಕಲ್ಲು, ಅದೇ ಕೆಂಪುಕಲ್ಲು. ನೋಡಲು ಗಟ್ಟಿ. ಮನೆಯ ಗೋಡೆಗೆ ಕಡಿಯುವ ಕಲ್ಲನ್ನು ಕೈಯಲ್ಲಿ ಹಿಡಿದು ನೋಡಿ, ಮೈತುಂಬ ತೂತು. ಮಳೆ ನೀರು ಆ ತೂತುಗಳಲ್ಲಿ, ಬಿರುಕುಗಳಲ್ಲಿ ಇಳಿಯುತ್ತದೆ. ಚಿರೆಕಲ್ಲಿನ ಕೆಳಗೆ ಮೆತ್ತಗಿನ ಶೇಡಿ ಮಣ್ಣು. ಅದು ನೀರನ್ನು ಸುಲಭಕ್ಕೆ ಕೆಳಗೆ ಬಿಡುವುದಿಲ್ಲ. ನೀರು ಅದರ ಮೇಲೆ ಕೂತು, ನಿಧಾನವಾಗಿ ಪಕ್ಕಕ್ಕೆ ಸರಿದು, ಗುಡ್ಡದ ಬುಡದಲ್ಲಿ ಒರತೆಯಾಗಿ ಹೊರಬರುತ್ತದೆ. ಕೆಳಗಿನ ಬಾವಿ, ತೋಟದ ಕಾಲುವೆ, ಹಳ್ಳ ಎಲ್ಲದಕ್ಕೂ ಅದೇ ಮೂಲ. ಈ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಒಂದು ಎಕರೆ ಬಯಲಿನ ಮೇಲೆ ಅದು 1.2 ಕೋಟಿ ಲೀಟರ್. ಆದರೆ ಬೀಳುವುದು ನಾಲ್ಕು ತಿಂಗಳಲ್ಲಿ. ಉಳಿದ ಎಂಟು ತಿಂಗಳಿಗೆ ಅದರಲ್ಲೊಂದಷ್ಟನ್ನು ಹಿಡಿದಿಟ್ಟು ಸ್ವಲ್ಪ ಸ್ವಲ್ಪವೇ ಬಿಡುವುದು ಆ ‘ಖಾಲಿ’ ಗುಡ್ಡ.

ಅದರ ಮೇಲೆ ಕಾಂಕ್ರೀಟ್ ಹಾಸಿದರೆ ನೀರು ಕಡಿಮೆಯಾಗುತ್ತದೆ ಅನ್ನುವುದು ಅರ್ಧ ಮಾತು. ಜುಲೈನಲ್ಲಿ ಜಾಸ್ತಿಯಾಗುತ್ತದೆ, ಏಪ್ರಿಲ್‌ನಲ್ಲಿ ಕಡಿಮೆಯಾಗುತ್ತದೆ. ಎರಡೂ ತೊಂದರೆಯೇ. ಜತೆಗೆ ಕ್ಯಾಂಪಸ್ಸಿಗೂ ನೀರು ಬೇಕಲ್ಲ. ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನುವುದು ನಗರಗಳಿಗೆ ಹಾಕುವ ಲೆಕ್ಕ. 5,000 ಜನ ಉಳಿದುಕೊಳ್ಳುವ ಕ್ಯಾಂಪಸ್ಸಿಗೆ ದಿನಕ್ಕೆ 6.75 ಲಕ್ಷ ಲೀಟರ್ ಆಯಿತು. ಗುಡ್ಡದ ಮೇಲೆ ಆಳದ ಬೋರ್‌ವೆಲ್ ಕೊರೆದರೆ ಬುಡದ ಒರತೆಯ ಪಾಲಿಗೇ ಕೈ ಹಾಕಿದಂತೆ ಆಗಬಹುದು. ಸಮುದ್ರಕ್ಕೆ ಹತ್ತಿರದ ಊರುಗಳಲ್ಲಿ ಈಗಲೇ ಮಾರ್ಚ್ ಮುಗಿಯುವ ಹೊತ್ತಿಗೆ ಬಾವಿ ನೀರು ಸಪ್ಪೆಯಿಂದ ಉಪ್ಪಿಗೆ ತಿರುಗುತ್ತದೆ. ಮೇಲಿಂದ ಸಿಹಿನೀರು ಒತ್ತುವುದು ಕಡಿಮೆಯಾದರೆ ಉಪ್ಪುನೀರು ಒಳಗೆ ಬರುತ್ತದೆ, ಅಷ್ಟೇ.

ಇನ್ನು ಗುಡ್ಡದ ಮೇಲೆ ಹತ್ತಲು ರಸ್ತೆ ಬೇಕು. ಅಗಲವಾದ ರಸ್ತೆ, ಲಾರಿ ಹೋಗುವಂಥದ್ದು. ಅದಕ್ಕೆ ಗುಡ್ಡದ ಸೆರಗನ್ನು ನೆಟ್ಟಗೆ ಕಡಿಯಬೇಕು. ಕಡಿದ ಜಾಗದಲ್ಲಿ ಶೇಡಿ ಮಣ್ಣು ಬಯಲಾಗುತ್ತದೆ. ಒಣಗಿದಾಗ ಗೋಡೆಯಂತೆ ನಿಂತದ್ದು, ನೆನೆದಾಗ ಬೆಣ್ಣೆಯಂತೆ ಜಾರುತ್ತದೆ. ಕಾರವಾರದ ಪಕ್ಕದ ಕಡವಾಡದಲ್ಲಿ 2009ರ ಅಕ್ಟೋಬರ್‌ನಲ್ಲಿ ಗುಡ್ಡ ಕುಸಿದು 19 ಜನ ಸತ್ತರು. 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆಯಲ್ಲಿ ತೋಟ, ಮನೆ, ರಸ್ತೆ ಒಟ್ಟಿಗೇ ಜಾರಿದವು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಗಂಗಾವಳಿಗೆ ಇಳಿಯಿತು. ಮೂರಕ್ಕೂ ಕಾರಣ ಒಂದೇ ಅಂತ ನಾನು ಹೇಳುವುದಿಲ್ಲ. ಆದರೆ ಶಿರೂರಿನ ನಂತರ ‘ಗುಡ್ಡ ಕಡಿದು ರಸ್ತೆ ಮಾಡ್ತೇವೆ’ ಅಂತ ಯಾರೇ ಬಂದರೂ ಊರಿನ ಮುದುಕಿ ಮೊದಲು ಕೇಳುವುದು ಆ ಗುಡ್ಡದ ಬುಡದಲ್ಲಿ ಯಾರ ಮನೆ ಇದೆ ಅಂತ. ಅದು ಅಭಿವೃದ್ಧಿ ವಿರೋಧವಲ್ಲ. ಎಂಜಿನಿಯರ್ ಕೇಳಬೇಕಾದ ಪ್ರಶ್ನೆಯನ್ನು ಅವಳು ಕೇಳುತ್ತಿದ್ದಾಳೆ.

ಮೆಳಾವಲಿಯ ಜಗಳಕ್ಕೆ ಇನ್ನೊಂದು ಮುಖವಿತ್ತು, ನಮಗೆ ತೀರ ಪರಿಚಯದ್ದು. ಅಲ್ಲಿಯ ಜನ ತಲೆಮಾರುಗಳಿಂದ ಗೇರು ಬೆಳೆದ ಜಾಗ ಕಾಗದದಲ್ಲಿ ಅವರದ್ದಾಗಿರಲಿಲ್ಲ. ಕಾಗದದ ಪ್ರಕಾರ ಅದು ಸರ್ಕಾರದ್ದು, ಹಾಗಾಗಿ ಕ್ಯಾಂಪಸ್ಸಿಗೆ ಸಿದ್ಧ. ಅರಣ್ಯ ಭೂಮಿಯಲ್ಲಿ ಬದುಕುವವರಿಗೆ ಆ ನೆಲದ ಹಕ್ಕು ಕೊಡುವ ಅರಣ್ಯ ಹಕ್ಕು ಕಾಯ್ದೆಯಡಿ ನಮ್ಮಲ್ಲಿ 80 ಸಾವಿರಕ್ಕೂ ಹೆಚ್ಚು ಅರ್ಜಿ ಬಿದ್ದಿವೆ. ಬಹುಪಾಲು ತಿರಸ್ಕಾರವಾದವು. ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿದ್ದರು ಅಂತ ತೋರಿಸಬೇಕು. 1930ರ ಕಾಗದ ಗುಡಿಸಲಲ್ಲಿ ಇದ್ದವರು ಎಲ್ಲಿಂದ ತರುವುದು? ಇಂಥ ಕುಟುಂಬಕ್ಕೆ ಕ್ಯಾಂಪಸ್ಸಿನ ಸುದ್ದಿ ಬಂದರೆ ಅದು ಬರೀ ಜಾಗದ ಸುದ್ದಿಯಾಗಿ ಕೇಳುವುದಿಲ್ಲ. ಪಟ್ಟಾ ಇರುವವರಿಗೆ ಪರಿಹಾರ ಸಿಗುತ್ತದೆ. ಇಲ್ಲದವರನ್ನು ‘ಅತಿಕ್ರಮಣದಾರ’ ಅಂತ ಎಬ್ಬಿಸುತ್ತಾರೆ. ಮೊದಲು ಹೆದರುವವರು ಯಾರು ಅಂತ ಊಹಿಸಬಹುದು, ಅಲ್ವಾ?

ಈಗ ಕಾನೂನಿಗೆ ಬರೋಣ. ಬಂದರು, ಉಷ್ಣ ಸ್ಥಾವರ, ಗಣಿ ಅಂದರೆ ಡಿಸಿ ಕೂತು ಸಾರ್ವಜನಿಕ ಅಹವಾಲು ಸಭೆ ಮಾಡುತ್ತಾರೆ. ಅಂಕೋಲಾದ ಕೇಣಿ ಬಂದರಿನ ವಿಷಯದಲ್ಲಿ ಮೀನುಗಾರರು ತಮ್ಮ ಮಾತು ಹೇಳಲು ಅಂಥ ವೇದಿಕೆಯಾದರೂ ಇತ್ತು. ಕ್ಯಾಂಪಸ್ಸಿಗೆ ಅದೂ ಇಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆ ಪ್ರಕಾರ 20,000 ಚದರ ಮೀಟರ್ ದಾಟಿದ ಕಟ್ಟಡಕ್ಕೆ ಮುಂಚಿತ ಅನುಮತಿ ಬೇಕು. ಆದರೆ ಕಟ್ಟಡ ಯೋಜನೆಗಳನ್ನು ಅಹವಾಲು ಸಭೆಯಿಂದ ಹೊರಗಿಟ್ಟಿದ್ದಾರೆ. ನಗರದ ಅಪಾರ್ಟ್‌ಮೆಂಟುಗಳನ್ನು ತಲೆಯಲ್ಲಿಟ್ಟುಕೊಂಡು ಮಾಡಿದ ನಿಯಮ ಇರಬೇಕು ಅಂತ ನನ್ನ ಅಂದಾಜು. ಹಳ್ಳಿಯ ತಲೆ ಮೇಲಿನ 250 ಎಕರೆಗೂ ಅದೇ ಅನ್ವಯ.

ಸಾಲದ್ದಕ್ಕೆ 2014ರಲ್ಲಿ ಕೇಂದ್ರ ಸರ್ಕಾರ ಶಾಲೆ, ಕಾಲೇಜು, ಹಾಸ್ಟೆಲ್ಲುಗಳಿಗೆ ಆ ಮುಂಚಿತ ಅನುಮತಿಯಿಂದಲೇ ವಿನಾಯಿತಿ ಕೊಟ್ಟಿತು. 2024ರಲ್ಲಿ ಕೇರಳ ಹೈಕೋರ್ಟ್ ಅದನ್ನು ರದ್ದು ಮಾಡಿತು. 2025ರ ಜನವರಿಯಲ್ಲಿ ಕೇಂದ್ರ ಇನ್ನೊಂದು ಅಧಿಸೂಚನೆ ತಂದು ಅದೇ ವಿನಾಯಿತಿ ಮತ್ತೆ ಕೊಟ್ಟಿತು. ಅದೇ ವರ್ಷದ ಆಗಸ್ಟ್ 5ರಂದು ಸುಪ್ರೀಂ ಕೋರ್ಟ್ ಅಧಿಸೂಚನೆಯ ಉಳಿದ ಭಾಗ ಇಟ್ಟುಕೊಂಡು ಈ ವಿನಾಯಿತಿಯನ್ನು ಮಾತ್ರ ಕಿತ್ತುಹಾಕಿತು. 20,000 ಚದರ ಮೀಟರ್ ಮೀರಿ ಕಟ್ಟಿದರೆ ಅದು ಕಾಲೇಜಾದರೂ ಪರಿಸರದ ಮೇಲೆ ಪರಿಣಾಮ ಆಗೇ ಆಗುತ್ತದೆ, ಓದಿಸುವ ಉದ್ದೇಶಕ್ಕೆ ಕಟ್ಟಿದ್ದು ಅಂತ ಬಿಡುವುದಕ್ಕೆ ಕಾರಣವಿಲ್ಲ ಅನ್ನುವುದು ಅದರ ತಿರುಳು. ಒಳ್ಳೆಯ ತೀರ್ಪು. ಆದರೆ ಅಹವಾಲು ಸಭೆ ಅದರಿಂದ ಬರಲಿಲ್ಲ. ಅನುಮತಿ ಕೇಳುವವರೂ ಕೊಡುವವರೂ ಊರಿನ ಹೊರಗಿನವರೇ.

ಭೂಸ್ವಾಧೀನದ 2013ರ ಕಾಯ್ದೆಯಲ್ಲಿ ಸಾಮಾಜಿಕ ಪರಿಣಾಮದ ಅಧ್ಯಯನ ಇದೆ. ಊರಿನಲ್ಲೇ ಕೂತು ಕೇಳಬೇಕು ಅಂತಲೂ ಇದೆ. ಆದರೆ ಅದು ಖಾಸಗಿ ಜಮೀನು ತೆಗೆದುಕೊಳ್ಳುವಾಗ. ಸರ್ಕಾರಿ ಪಡ ಜಾಗ ಮಂಜೂರು ಮಾಡಲು ಅದರ ಗೊಡವೆಯಿಲ್ಲ. ಅರಣ್ಯ ಭೂಮಿಯಾದರೆ ಗ್ರಾಮಸಭೆಯ ಮಾತು ಕೇಳಬೇಕು. ಆದರೆ 2022ರ ಅರಣ್ಯ ಸಂರಕ್ಷಣಾ ನಿಯಮಗಳ ನಂತರ ಆ ಹೊಣೆ ರಾಜ್ಯದ ಮೇಲೆ ಬಿದ್ದಿದೆ, ಅದೂ ಕೇಂದ್ರ ಒಪ್ಪಿಗೆ ಕೊಟ್ಟಾದ ಮೇಲೂ ನಡೆಯಬಹುದು. ಒಪ್ಪಿಗೆ ಮುಗಿದ ಮೇಲೆ ಕೇಳಿದರೆ ಕೇಳಿದಂತಾಯಿತೇ? ಅರಣ್ಯ ಹಕ್ಕು ಕಾಯ್ದೆಯಲ್ಲಿ ಶಾಲೆಗೆ, ಆಸ್ಪತ್ರೆಗೆ ಸುಲಭ ದಾರಿಯೂ ಇದೆ. ಗ್ರಾಮಸಭೆ ಶಿಫಾರಸು ಮಾಡಿದರೆ 1 ಹೆಕ್ಟೇರಿಗಿಂತ ಕಡಿಮೆ ಜಾಗ, ಹೆಕ್ಟೇರಿಗೆ 75 ಮರದ ಮಿತಿ. ಊರಿಗೆ ಬೇಕಾದ ಸಣ್ಣ ಕಟ್ಟಡಕ್ಕೆ ಊರಿನ ಮಾತು ಬೇಕು, ಊರನ್ನೇ ಬದಲಿಸುವ ದೊಡ್ಡ ಕ್ಯಾಂಪಸ್ಸಿಗೆ ಮೊದಲೇ ಕೇಳಬೇಕಿಲ್ಲ. ಇದು ತಲೆಕೆಳಗಾಗಿದೆ.

ಹೀಗೆ ಎಲ್ಲ ಬಾಗಿಲೂ ಮುಚ್ಚಿದ್ದರಿಂದಲೇ ಜನ ಸರ್ವೆಯವರ ಎದುರು ನಿಲ್ಲುತ್ತಾರೆ. ಅವರಿಗೆ ಯೋಜನೆ ಗೊತ್ತಾಗುವುದೇ ಸರ್ವೆ ಕಲ್ಲು ನೆಟ್ಟಾಗ. ಮಾತಾಡಲು ಸಿಕ್ಕ ಮೊದಲ ಸರ್ಕಾರಿ ಮನುಷ್ಯ ಆ ಸರ್ವೇಯರ್. ಪಾಪ, ಅವನ ಕೈಯಲ್ಲಿ ಏನೂ ಇಲ್ಲ.

ಸೀಬರ್ಡ್ ನೆನಪಿಲ್ಲದೆ ಈ ಕರಾವಳಿಯ ಯಾವ ವಿರೋಧವೂ ಅರ್ಥವಾಗುವುದಿಲ್ಲ. 1986ರಲ್ಲಿ ಶಂಕುಸ್ಥಾಪನೆ. 11 ಸಾವಿರ ಎಕರೆಗೂ ಜಾಸ್ತಿ ಜಾಗ, 4,000ಕ್ಕೂ ಹೆಚ್ಚು ಕುಟುಂಬ ಎದ್ದು ಹೋದವು. ಪರಿಹಾರದ ಕೇಸುಗಳು ದಶಕಗಟ್ಟಲೆ ಕೋರ್ಟಿನಲ್ಲಿ ನಡೆದವು. ದೇಶದ ರಕ್ಷಣೆ ಅಂತ ಜನ ಒಪ್ಪಿಕೊಂಡದ್ದೂ ನಿಜ. ಕ್ಯಾಂಪಸ್ಸಿನ ಗಾತ್ರ ಅದರ ಮುಂದೆ ಏನೇನೂ ಅಲ್ಲ. ಹೋಲಿಕೆ ಸರಿಯಲ್ಲ ಅಂತ ವಾದಿಸಬಹುದು. ಆದರೆ ದಂಡೆ ಕಳೆದುಕೊಂಡು ಒಳಗೆ ಬಂದ ಮೀನುಗಾರ ಕುಟುಂಬಕ್ಕೆ ಕಾಂಪೌಂಡ್ ಗೋಡೆ ಅಂದರೆ ಏನು ಅಂತ ಗೊತ್ತು. ಗೋಡೆ ಎದ್ದ ಮೇಲೆ ದಾರಿ ಸುತ್ತು ಹಾಕಬೇಕು, ದೇವರ ಕಲ್ಲಿಗೆ ಪೂಜೆ ಮಾಡಲು ಗೇಟಿನಲ್ಲಿ ಹೆಸರು ಬರೆಸಬೇಕು.

ಇಷ್ಟು ಹೇಳಿ ವಿರೋಧಿಸುವವರ ಬಗ್ಗೆ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ನಮ್ಮಲ್ಲಿ ‘ಬೇಡ’ ಅನ್ನುವುದು ಕೆಲವು ಸಲ ತೀರ ಸಲೀಸು. ಮಕ್ಕಳನ್ನು ಆಗಲೇ ಬೆಂಗಳೂರಿಗೆ ಕಳಿಸಿದವರಿಗೆ ಇಲ್ಲಿ ಕ್ಯಾಂಪಸ್ ಬರದಿದ್ದರೆ ಕಳೆದುಕೊಳ್ಳುವುದು ಏನೂ ಇಲ್ಲ. ಜಮೀನಿನ ಬೆಲೆ ಏರಲಿ ಅಂತ ಸುಮ್ನೆ ಎಳೆಯುವವರೂ ಇರುತ್ತಾರೆ. ನನ್ನ ಅಕ್ಕನ ಮಗಳ ಆ ಮೂವರು ಗೆಳತಿಯರ ಮಾತು ಯಾವ ಪ್ರತಿಭಟನೆಯ ಮೈಕಿನಲ್ಲೂ ಕೇಳಲಿಲ್ಲ.

ಈ ಜಿಲ್ಲೆಗೆ ಇದಕ್ಕಿಂತ ಚೆನ್ನಾಗಿ ವಿರೋಧಿಸಿ ಗೊತ್ತಿದೆ. ಬೇಡ್ತಿ ಅಣೆಕಟ್ಟಿನ ಪ್ರಸ್ತಾಪ ಬಂದಾಗ ಶಿರಸಿಯವರು ಬರೀ ಘೋಷಣೆ ಕೂಗಲಿಲ್ಲ. ಅಡಿಕೆ ಬೆಳೆಗಾರರ ಸಹಕಾರಿ ಸಂಘವಾದ ತೋಟಗಾರ್ಸ್ ಸೊಸೈಟಿಯವರು 1981ರಲ್ಲಿ ವಿಜ್ಞಾನಿಗಳನ್ನು ಕರೆಸಿ ಕೂರಿಸಿದರು. ಎಷ್ಟು ಕರೆಂಟು ಬರುತ್ತದೆ, ಎಷ್ಟು ತೋಟ, ಕಾಡು ಮುಳುಗುತ್ತದೆ, ಅದರ ಬೆಲೆ ಎಷ್ಟು ಅಂತ ಸರ್ಕಾರದ ಲೆಕ್ಕದ ಪಕ್ಕದಲ್ಲಿ ತಮ್ಮ ಲೆಕ್ಕ ಇಟ್ಟರು. ಯೋಜನೆ ನಿಂತಿತು. ಎರಡು ವರ್ಷದ ನಂತರ ಅಪ್ಪಿಕೋ ಚಳವಳಿಯಲ್ಲಿ, ಕಡಿಯಲು ಬಿಡದೆ ಸಾಲ್ಕಣಿ ಕಾಡಿನಲ್ಲಿ ಮರ ಅಪ್ಪಿಕೊಂಡದ್ದು ಎಲ್ಲರಿಗೂ ನೆನಪಿದೆ. ಆ ಲೆಕ್ಕದ ಪುಸ್ತಕ ಅಷ್ಟು ನೆನಪಿಲ್ಲ. ಕ್ಯಾಂಪಸ್ ಜಗಳಕ್ಕೆ ಬೇಕಾದದ್ದು ಅದೇ.

ಲೆಕ್ಕ ಹಾಕಲು ಕೂತರೆ ಮೊದಲು ಕೇಳಬೇಕಾದದ್ದು, ಅಷ್ಟು ಎಕರೆ ಯಾಕೆ? ಐಐಟಿ ಧಾರವಾಡಕ್ಕೆ 470 ಎಕರೆ ಕೊಟ್ಟರು. ಅಲ್ಲಿ ಬಯಲುಸೀಮೆಯ ಅಂಚಿನ ಸಮತಟ್ಟು ನೆಲ. ಅದೇ ಅಳತೆಯನ್ನು ಘಟ್ಟ ಮತ್ತು ಸಮುದ್ರದ ನಡುವಿನ ಕಿರಿದಾದ ಪಟ್ಟಿಗೆ ತಂದರೆ ಒಂದೆರಡು ಊರೇ ಹೋಗುತ್ತದೆ. ಒಂದೇ ಗೋಡೆಯೊಳಗೆ ಎಲ್ಲವೂ ಇರಬೇಕು ಅನ್ನುವುದು ಹಳೆಯ ಕಲ್ಪನೆ. ನಮ್ಮಲ್ಲೇ ನೋಡಿ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗ ಕಾಳಿ ನದಿಯ ಬಾಯಲ್ಲೇ ಇದೆ. ಶಿರಸಿಯಲ್ಲಿ ಅರಣ್ಯ ಕಾಲೇಜಿದೆ, ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೆಳಗೆ. ಕಾರವಾರದ ವೈದ್ಯಕೀಯ ಕಾಲೇಜು ಊರೊಳಗೆ, ಜಿಲ್ಲಾಸ್ಪತ್ರೆಯ ಜತೆಗೇ ಬೆಳೆಯಿತು. ಮಾಜಾಳಿಯಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿದೆ. ಇವು ಊರಿನ ಜತೆ ಬೆರೆತಿವೆ. ಸಮುದ್ರ ಓದಬೇಕಾದದ್ದು ಸಮುದ್ರದ ಪಕ್ಕ, ಕಾಡು ಓದಬೇಕಾದದ್ದು ಕಾಡಿನ ಪಕ್ಕ. ಜಿಲ್ಲೆಗೊಂದು ವಿಶ್ವವಿದ್ಯಾಲಯ ಬೇಕಾದರೆ ಆಡಳಿತ ಕಾರವಾರದಲ್ಲಿ, ಕೆಲವು ವಿಭಾಗ ಶಿರಸಿಯಲ್ಲಿ, ಕೆಲವು ಕುಮಟಾದಲ್ಲಿ, ಈಗಿರುವ ಕಾಲೇಜುಗಳ ಜಾಗದಲ್ಲೇ ಎರಡು ಮೂರು ಮಹಡಿ ಏರಿಸಿ ಶುರು ಮಾಡಬಹುದು. ಹೊಸ ಹಾಸ್ಟೆಲ್ಲುಗಳಿಗೆ ಊರಂಚಿನ 10-15 ಎಕರೆ ಸಾಕು. ಇದಕ್ಕೆ ದೊಡ್ಡ ಕಮಾನು, ದೊಡ್ಡ ಗೇಟು ಇರುವುದಿಲ್ಲ. ಫೋಟೋ ಚೆನ್ನಾಗಿ ಬರುವುದಿಲ್ಲ. ಬಸ್ಸು ಮಾತ್ರ ಸಿಗುತ್ತದೆ.

ಅಷ್ಟಾದರೂ ಹೊಸ ಜಾಗ ಬೇಕೇ ಬೇಕು ಅಂದರೆ, ಮೂರು ಜಾಗಗಳ ಹೆಸರನ್ನು ಸರ್ವೆಗೆ ಮೊದಲೇ ಗ್ರಾಮಸಭೆಯ ಮುಂದಿಡಲಿ. ಕಾನೂನು ಕೇಳುವುದಿಲ್ಲ ನಿಜ, ಆದರೆ ತಡೆಯುವುದೂ ಇಲ್ಲ. ಮೂರರಲ್ಲೂ ಬುಡದ ಒರತೆಗಳನ್ನು ಊರವರ ಜತೆ ನಡೆದು ಗುರುತು ಹಾಕಲಿ. ಯಾರ ಅರಣ್ಯ ಹಕ್ಕಿನ ಅರ್ಜಿ ಎಲ್ಲಿ ಬಾಕಿ ಇದೆ ಅಂತ ಮೊದಲು ಇತ್ಯರ್ಥ ಮಾಡಲಿ. ಜಾಗ ನೋಡಲು ಬರುವವರು ಒಂದು ಸಲ ಏಪ್ರಿಲ್ ಕೊನೆಗೆ ಬರಲಿ, ಬಾವಿಗೆ ಕೊಡ ಇಳಿಸುವಾಗ ಹಗ್ಗ ಎಷ್ಟು ಉದ್ದ ಹೋಗುತ್ತದೆ ಅಂತ ನೋಡಲು. ಇನ್ನೊಂದು ಸಲ ಜುಲೈ ನಡುವಿಗೆ ಬರಲಿ, ಅದೇ ಗುಡ್ಡದ ಬುಡದಲ್ಲಿ ಒಂದು ರಾತ್ರಿ ಉಳಿಯಲು.